ತಂತಿಗೆ ಬೈಯಿರಿ, ಮಗುವಿಗಲ್ಲ

ಇವತ್ತು ಸ್ವಲ್ಪ ಜಗಳ ಆಡುವ ಮನಸ್ಸಿದೆ. ರಾಜಕೀಯ ಅಲ್ಲ, ಗಡಿ ವಿವಾದ ಅಲ್ಲ, ಭಾಷೆಯ ತಕರಾರೂ ಅಲ್ಲ. ಜಗಳದ ವಸ್ತು ಹೆಚ್ಚೆಂದರೆ ಒಂದು ಮಿಲಿಮೀಟರ್ ದಪ್ಪ ಇದ್ದೀತು. ಯುಕುಲೇಲೆಯ ತಂತಿ.

"ಇವರಿಗೆ ಬೇರೆ ಕೆಲಸ ಇಲ್ವಾ" ಅಂತ ಪುಟ ಮುಚ್ಚುವ ಮೊದಲು ನಿಮ್ಮ ಮನೆಯ ಕಪಾಟಿನ ತಲೆಯ ಮೇಲೆ ಒಮ್ಮೆ ಕಣ್ಣು ಹಾಯಿಸಿ. ಮುಂಬೈ ಇರಲಿ, ಪುಣೆ ಇರಲಿ, ಹೈದರಾಬಾದ್ ಇರಲಿ, ಮಕ್ಕಳಿರುವ ಫ್ಲ್ಯಾಟುಗಳಲ್ಲಿ ಹಿಂದೆ ಒಂದು ಕೀಬೋರ್ಡ್ ಧೂಳು ತಿನ್ನುತ್ತಿತ್ತು. ಈಗ ಅದರ ಪಕ್ಕದಲ್ಲಿ ಒಂದು ಪುಟ್ಟ ಯುಕುಲೇಲೆ. ನೀಲಿಯೋ ಗುಲಾಬಿಯೋ ಬಣ್ಣ, ಹುಟ್ಟುಹಬ್ಬದ ಉಡುಗೊರೆ. ಎರಡು ತಿಂಗಳು ಮಗು ಅದನ್ನು ಎದೆಗೆ ಅವಚಿಕೊಂಡು ತಿರುಗುತ್ತದೆ. ಮೂರನೇ ತಿಂಗಳು ಅದು ಕಪಾಟಿನ ಮೇಲೆ. ಅದರ ಜೊತೆಗೆ "ನಮ್ಮ ಹುಡುಗನಿಗೆ ಸಂಗೀತ ಒಲಿಯಲ್ಲ" ಎಂಬ ತೀರ್ಪೂ ಕಪಾಟು ಹತ್ತುತ್ತದೆ. ನನ್ನ ಜಗಳ ಈ ತೀರ್ಪಿನ ಜೊತೆ. ಅಪೀಲಿಗೆ ಅವಕಾಶವೇ ಇಲ್ಲದ ಹಾಗೆ ಹತ್ತು ವರ್ಷದ ಮಗುವಿನ ಮೇಲೆ ಹೊರಿಸುವ ಈ ತೀರ್ಪಿಗೆ, ಎಷ್ಟೋ ಸಲ ಕಾರಣ ಕೆಲವೇ ನೂರು ರೂಪಾಯಿಯ ನಾಲ್ಕು ಎಳೆ ಪ್ಲಾಸ್ಟಿಕ್.

ನನ್ನ ವಾದ ಒಂದೇ ಸಾಲಿನದು. ಮೊದಲು ತಂತಿ ಬದಲಿಸಿ, ಆಮೇಲೆ ವಾದ್ಯದ ಬಗ್ಗೆ ಮಾತಾಡಿ, ಮಗುವಿನ ವಿಷಯ ಅದಕ್ಕೂ ಆಮೇಲೆ. ನಾವು ಮಾಡುವುದು ಇದರ ಉಲ್ಟಾ.

ತಂತಿ ಅಂದರೆ ನಮಗೆ ಸೈಕಲ್ಲಿನ ಟ್ಯೂಬ್ ಇದ್ದ ಹಾಗೆ. ತುಂಡಾದರೆ ಹಾಕಿಸೋದು, ಇಲ್ಲದಿದ್ದರೆ ಅದರ ನೆನಪೂ ಇಲ್ಲ. ಆದರೆ ಅಲುಗಾಡುವುದು ಯಾವುದು ಮಾರಾಯ್ರೆ? ತಂತಿ ತಾನೇ? ಮರದ ಪೆಟ್ಟಿಗೆ ತಾನಾಗಿ ಹಾಡುವುದಿಲ್ಲ. ತಂತಿ ಕೊಟ್ಟ ಕಂಪನವನ್ನು ಅದು ದೊಡ್ಡದು ಮಾಡಿ ಹೇಳುತ್ತದೆ, ಕೆಲವನ್ನು ನುಂಗುತ್ತದೆ, ಕೆಲವನ್ನು ಎತ್ತಿ ಹಿಡಿಯುತ್ತದೆ. ತಂತಿಯಲ್ಲಿ ಇಲ್ಲದ್ದನ್ನು ಎಷ್ಟೇ ದುಬಾರಿ ಮರವೂ ಹುಟ್ಟಿಸಲಾರದು.

ಈ ಲೆಕ್ಕ ಹೊಸದೇನೂ ಅಲ್ಲ. ಮರೀನ್ ಮೆರ್ಸೆನ್ ಎಂಬ ಫ್ರೆಂಚ್ ಪಾದ್ರಿ 1636ರಲ್ಲಿ ಪ್ರಕಟಿಸಿದ ಗ್ರಂಥದಲ್ಲೇ ಬರೆದಿಟ್ಟಿದ್ದಾನೆ. ತಂತಿಯ ಸ್ವರವನ್ನು ನಿರ್ಧರಿಸುವುದು ಮೂರೇ ಮೂರು: ಉದ್ದ, ಬಿಗಿ, ಭಾರ. ಯುಕುಲೇಲೆಯಲ್ಲಿ ಉದ್ದ ವಾದ್ಯದ ಜೊತೆಗೇ ಬಂದಿರುತ್ತದೆ. ಚಿಕ್ಕದಾದ ಸೊಪ್ರಾನೋದಲ್ಲಿ ಸುಮಾರು 34 ಸೆಂಟಿಮೀಟರ್, ಅದಕ್ಕಿಂತ ದೊಡ್ಡ ಕಾನ್ಸರ್ಟಿನಲ್ಲಿ 38, ಟೆನರಿನಲ್ಲಿ 43ರ ಆಸುಪಾಸು. ಸ್ವರವೂ ನಿಗದಿ: ಜಿ, ಸಿ, ಇ, ಎ. ಸಿ ಯನ್ನು ಷಡ್ಜ ಅಂತ ಇಟ್ಟುಕೊಂಡರೆ ನಮ್ಮ ಭಾಷೆಯಲ್ಲಿ ಪ ಸ ಗ ಧ. ಉದ್ದ ಬದಲಾಗಲ್ಲ, ಸ್ವರ ಬದಲಾಗಲ್ಲ ಅಂದಮೇಲೆ ನಮ್ಮ ಕೈಯಲ್ಲಿ ಉಳಿದದ್ದು ತಂತಿಯ ಭಾರ ಒಂದೇ. ಭಾರ ಹೆಚ್ಚಾದರೆ ಅದೇ ಸ್ವರಕ್ಕೆ ಹೆಚ್ಚು ಬಿಗಿಯಬೇಕು, ಕಡಿಮೆಯಾದರೆ ತಂತಿ ಸಡಿಲ. ಬೆರಳಿಗೆ ಗೊತ್ತಾಗುವುದು ಈ ಬಿಗಿ. ಕಿವಿಗೆ ಗೊತ್ತಾಗುವುದರಲ್ಲೂ ಅದರ ಪಾಲು ದೊಡ್ಡದು.

ಈಗ ಅಂಗಡಿಗೆ ಬರೋಣ. ನಮ್ಮ ಬಿಲ್ಡಿಂಗಿನಲ್ಲೇ ನಡೆದದ್ದು. ಮೇಲಿನ ಮಹಡಿಯ ಉಡುಪಿ ಕಡೆಯವರೊಬ್ಬರು ಮಗಳ ಯುಕುಲೇಲೆ ಹಿಡಿದುಕೊಂಡು ವಾದ್ಯದಂಗಡಿಗೆ ಹೊರಟಿದ್ದರು, ನಾನೂ ಜೊತೆಗೆ ಹೋದೆ. ಸಿ ತಂತಿ ಮೀಟಿದರೆ ಒದ್ದೆ ರಟ್ಟಿಗೆ ಬಡಿದ ಹಾಗೆ 'ದಬ್' ಅನ್ನುತ್ತಿತ್ತು. ಅಂಗಡಿಯವನು ಅದನ್ನು ಕೈಯಲ್ಲಿ ಹಿಡಿದು ನೋಡಲೂ ಇಲ್ಲ. "ಯೇ ತೋ ಖಿಲೌನಾ ಹೈ ಸಾಬ್" ಅಂದ. ಗೋಡೆಯಿಂದ ಹತ್ತು ಸಾವಿರದ್ದೊಂದನ್ನು ಇಳಿಸಿ ಬಾರಿಸಿ ತೋರಿಸಿದ. ಸಹಜವಾಗಿಯೇ ಅದು ಚೆನ್ನಾಗಿ ನುಡಿಯಿತು. ಆದರೆ ಅದರ ಮೇಲಿದ್ದದ್ದು ಬೇರೆ ತಂತಿ! ಆಟಿಕೆಗೂ ವಾದ್ಯಕ್ಕೂ ಹೋಲಿಕೆ ಮಾಡುತ್ತಿದ್ದೇನೆ ಅಂತ ಅವನು ಹೇಳುತ್ತಿದ್ದ, ಅಲ್ಲಿ ನಡೆದದ್ದು ತಂತಿಗೂ ತಂತಿಗೂ ಹೋಲಿಕೆ. ಹುಡುಗಿಯ ಮುಖ ಚಿಕ್ಕದಾಯಿತು. ಅಪ್ಪ ವಾಪಸ್ಸು ಬರುವಾಗ ಆಟೋದಲ್ಲಿ "ಎರಡು ಸಾವಿರದ್ದನ್ನೇ ಸರಿಯಾಗಿ ಬಾರಿಸದವಳಿಗೆ ಹತ್ತು ಸಾವಿರದ್ದು ಯಾಕೆ" ಅಂದರು. ನೋಡಿ, ಎರಡೇ ವಾಕ್ಯದಲ್ಲಿ ವಾದ್ಯವೂ ಹೋಯಿತು, ಮಗುವೂ ಹೋಯಿತು.

ಮರುವಾರ ನಾವೇ ನಾಲ್ಕು ಹೊಸ ತಂತಿ ಹಾಕಿದೆವು. ವಾದ್ಯ ಅದೇ, ಹುಡುಗಿ ಅದೇ. ಸಿ ತಂತಿ 'ದಬ್' ಅನ್ನುವುದು ಬಿಟ್ಟು ನಿಂತು ನುಡಿಯತೊಡಗಿತು. ಪವಾಡ ಅಲ್ಲ, ಮೆರ್ಸೆನ್ನನ ಲೆಕ್ಕ.

ಲೆಕ್ಕ ಹೇಗೆ ಅಂತೀರಾ? ಅಗ್ಗದ ವಾದ್ಯಗಳ ಮೇಲೆ ಸಾಮಾನ್ಯವಾಗಿ ಬರುವುದು ಕಡಿಮೆ ದರ್ಜೆಯ ನೈಲಾನ್. ನೈಲಾನ್ ಹಗುರ. ಒಂದು ಘನ ಸೆಂಟಿಮೀಟರಿಗೆ ಸುಮಾರು 1.1 ಗ್ರಾಂ. ನೀರಿಗಿಂತ ಚೂರು ಹೆಚ್ಚು ಅಷ್ಟೆ. ಹಗುರವಾದ ವಸ್ತುವಿನಿಂದ ತಗ್ಗಿನ ಸ್ವರ ಹೊರಡಿಸಬೇಕಾದರೆ ತಂತಿ ದಪ್ಪವಾಗಲೇಬೇಕು. ನಾಲ್ಕರಲ್ಲಿ ಅತಿ ತಗ್ಗಿನ ಸ್ವರ ಸಿ, ಹಾಗಾಗಿ ಅದೇ ಅತಿ ದಪ್ಪ. ದಪ್ಪ ತಂತಿ ಸುಲಭವಾಗಿ ಬಾಗುವುದಿಲ್ಲ, ಸರಿಗೆಗಿಂತ ಕೋಲಿನ ಹಾಗೆ ವರ್ತಿಸುತ್ತದೆ. ಮೇಲಿನ ಸಣ್ಣ ಸಣ್ಣ ಅನುಸ್ವರಗಳು ಬೇಗ ಸತ್ತು ಹೋಗುತ್ತವೆ. ನಮ್ಮ ಕಿವಿಗೆ ಅದು ಮಂಕು, ಮಬ್ಬು.

ಇದಕ್ಕೆ ಬದಲಾಗಿ ಫ್ಲೋರೋಕಾರ್ಬನ್ ಅಂತ ಒಂದಿದೆ. ಗಾಳ ಹಾಕುವವರಿಗೆ ಗೊತ್ತು, ಮೀನಿನ ಗಾಳಕ್ಕೆ ಬಳಸುವ ದಾರದ ಜಾತಿಯೇ ಇದು. ಇದರ ಸಾಂದ್ರತೆ 1.8ರ ಹತ್ತಿರ. ಅದೇ ಉದ್ದ, ಅದೇ ಸ್ವರ, ಅದೇ ಬಿಗಿ ಇಟ್ಟುಕೊಂಡರೂ ಫ್ಲೋರೋಕಾರ್ಬನ್ ತಂತಿ ನೈಲಾನಿಗಿಂತ ಸುಮಾರು ಶೇಕಡಾ 20ರಷ್ಟು ತೆಳ್ಳಗಿದ್ದರೆ ಸಾಕು. ತೆಳ್ಳಗಾದ ಕೂಡಲೇ ಸ್ವರ ಚುರುಕಾಗುತ್ತದೆ, ಹೊಳಪು ಬರುತ್ತದೆ, ಹೆಚ್ಚು ಹೊತ್ತು ನಿಲ್ಲುತ್ತದೆ. ಬೆರಳಿಗೂ ಸಪೂರ, ಗಟ್ಟಿ, ಗಾಜಿನಷ್ಟು ನುಣುಪು. ಇನ್ನೊಂದು ಲಾಭ ನಮ್ಮಂಥ ಕಡಲತೀರದ ಊರಿನವರಿಗೆ: ನೈಲಾನ್ ತೇವ ಹೀರುತ್ತದೆ, ಫ್ಲೋರೋಕಾರ್ಬನ್ ಹೆಚ್ಚುಕಡಿಮೆ ಹೀರುವುದೇ ಇಲ್ಲ. ಜುಲೈ ತಿಂಗಳ ಮುಂಬೈಯಲ್ಲಿ ಬಟ್ಟೆ ಒಣಗದೆ ಒದ್ದಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇವೆರಡರ ನಡುವೆ ಮೂರನೆಯದೊಂದು. ಹಳೆಯ ಕಾಲದಲ್ಲಿ ಯುಕುಲೇಲೆಗೆ ಹಾಕುತ್ತಿದ್ದದ್ದು ಪ್ರಾಣಿಯ ಕರುಳಿನಿಂದ ಹೊಸೆದ ತಂತಿ. ಅದರ ಸಾಂದ್ರತೆ 1.3ರ ಸುಮಾರು. ಇಟಲಿಯ ಅಕ್ವಿಲಾ ಕಂಪನಿ ಅಷ್ಟೇ ಭಾರದ ಕೃತಕ ವಸ್ತುವಿನಿಂದ ತಂತಿ ಮಾಡಿ ನೈಲ್‌ಗಟ್ ಅಂತ ಹೆಸರಿಟ್ಟಿತು. ಹೆಸರು ಕೇಳಿ ಮಡಿಯವರು ಹೆದರಬೇಕಾಗಿಲ್ಲ, ಕರುಳಿನ ಅಂಶ ಅದರಲ್ಲಿ ಇಲ್ಲ! ಕರುಳಿನ ತಂತಿಯ ಸ್ವಭಾವ ಮಾತ್ರ ಇದೆ.

ಇಲ್ಲಿಯವರೆಗೆ ಓದಿ "ಹಾಗಾದರೆ ಫ್ಲೋರೋಕಾರ್ಬನ್ನೇ ಶ್ರೇಷ್ಠ" ಅಂತ ನಿರ್ಧರಿಸಿಬಿಟ್ಟಿರಾ? ತಡೆಯಿರಿ, ನನ್ನ ಜಗಳ ನಿಮ್ಮ ಜೊತೆಗೂ ಇದೆ. ತಂತಿಯನ್ನು ಕೇಳುವವರೇ ಇಲ್ಲದ ಕಡೆ ಈಗ ತಂತಿಯ ಭಕ್ತರೂ ಹುಟ್ಟಿಕೊಂಡಿದ್ದಾರೆ. ಇವರ ಪ್ರಕಾರ ಒಂದೇ ಕಂಪನಿ, ಒಂದೇ ನಂಬರು, ಉಳಿದದ್ದೆಲ್ಲ ಕಸ. ಇದು ಅಂಗಡಿಯವನ ರೋಗದ್ದೇ ಇನ್ನೊಂದು ರೂಪ. ಮೊದಲೇ ಕೀರಲು ದನಿಯ, ತೆಳು ಹೊಟ್ಟೆಯ ವಾದ್ಯಕ್ಕೆ ಹೊಳಪಿನ ತಂತಿ ಹಾಕಿದರೆ ಕಿವಿಗೆ ಸೂಜಿ ಚುಚ್ಚಿದ ಹಾಗೆ. ಅಂಥದ್ದಕ್ಕೆ ಒಳ್ಳೆಯ ಮೆತ್ತನೆಯ ನೈಲಾನೇ ಮದ್ದು. ಚಿಕ್ಕ ಮಗುವಿನ ಬೆರಳಿಗೂ ಮೆತ್ತನೆಯ ನೈಲಾನ್ ಹಿತವಾಗಬಹುದು. ಶ್ರೇಷ್ಠ ತಂತಿ ಅಂತ ಯಾವುದೂ ಇಲ್ಲ, ಈ ವಾದ್ಯಕ್ಕೆ, ಈ ಕೈಗೆ ಹೊಂದುವ ತಂತಿ ಅಂತ ಇದೆ.

ಅಳತೆಯ ವಿಷಯವೂ ಅಷ್ಟೆ. ಒಂದೇ ತಂತಿಯನ್ನು ಸೊಪ್ರಾನೋದಿಂದ ಬಿಚ್ಚಿ ಟೆನರಿಗೆ ಕಟ್ಟಿ ಅದೇ ಸ್ವರಕ್ಕೆ ತಂದರೆ ಬಿಗಿ ಒಂದೂವರೆ ಪಟ್ಟಿಗೂ ಮೀರುತ್ತದೆ. ಪ್ಯಾಕೆಟ್ಟಿನ ಮೇಲೆ ಸೊಪ್ರಾನೋ, ಕಾನ್ಸರ್ಟ್, ಟೆನರ್ ಅಂತ ಬರೆಯುವುದು ಚಂದಕ್ಕಲ್ಲ. ಓದದೆ ತಂದು ಕಟ್ಟಿ "ಹೊಸ ತಂತಿ ಹಾಕಿದರೂ ಬೆರಳು ನೋವು" ಅಂದರೆ ತಂತಿ ಏನು ಮಾಡೀತು?

ಪಂಚಮದ ಕಥೆ ಇನ್ನೂ ಸ್ವಾರಸ್ಯ. ಮಾಮೂಲಿ ಯುಕುಲೇಲೆಯಲ್ಲಿ ಮೊದಲು ಸಿಗುವ ಜಿ ತಂತಿ, ಅಂದರೆ ನಮ್ಮ ಪ, ಷಡ್ಜಕ್ಕಿಂತ ಮೇಲಿನದು. ಆ ಟಿಣಿಟಿಣಿ ನಗುವಿನ ಗುಟ್ಟು ಇದೇ. ಕೆಲವರು ಅದನ್ನು ತೆಗೆದು ಮಂದ್ರದ ಪ ಹಾಕಿಕೊಳ್ಳುತ್ತಾರೆ, ನಮ್ಮ ತಂಬೂರಿಯ ಮೊದಲ ತಂತಿಯ ಹಾಗೆ. ಇಡೀ ವಾದ್ಯದ ಸ್ವಭಾವವೇ ಬದಲು. ನಗುತ್ತಿದ್ದ ಹುಡುಗ ಇದ್ದಕ್ಕಿದ್ದಂತೆ ಗಂಭೀರನಾಗಿ ಕೂತ ಹಾಗೆ. ದೇವರನಾಮವನ್ನೋ ಭಾವಗೀತೆಯನ್ನೋ ಒಂದೊಂದೇ ಸ್ವರ ಹಿಡಿದು ನುಡಿಸುವವರಿಗೆ ಕೆಳಗಿನ ಮೂರು ನಾಲ್ಕು ಸ್ವರ ಹೆಚ್ಚಿಗೆ ಸಿಗುತ್ತವೆ. ಆದರೆ ಇದ್ದ ತಂತಿಯನ್ನೇ ಸಡಿಲಿಸಿ ಮಂದ್ರಕ್ಕೆ ಇಳಿಸುತ್ತೇನೆ ಅಂದರೆ ಆಗದು. ಒಂದು ಸ್ಥಾಯಿ ಇಳಿದರೆ ಬಿಗಿ ಕಾಲು ಭಾಗಕ್ಕೆ ಬರುತ್ತದೆ, ತಂತಿ ಬಟ್ಟೆ ಒಣಹಾಕುವ ಹಗ್ಗ. ಭಾರದ ತಂತಿಯೇ ಬೇಕು, ಅದಕ್ಕಾಗಿ ಮೇಲ್ತುದಿಯ ಪಟ್ಟಿಯ ಗಾಡಿಯನ್ನು ಸ್ವಲ್ಪ ಅಗಲ ಮಾಡಿಸಬೇಕಾಗಲೂಬಹುದು.

ಇನ್ನೊಂದು ಅಪಾಯದ ಬುದ್ಧಿವಂತಿಕೆ ಇದೆ. "ಜೋರಾಗಿ ಕೇಳಬೇಕಾ, ಗಿಟಾರಿನ ಸ್ಟೀಲ್ ತಂತಿ ಹಾಕಿ" ಎನ್ನುವವರು. ದಯವಿಟ್ಟು ಬೇಡ. ಯುಕುಲೇಲೆಯ ಹಲಗೆ, ಅದರ ಮೇಲೆ ಅಂಟಿಸಿದ ಕುದುರೆ ಎಲ್ಲವೂ ಮೆತ್ತನೆಯ ತಂತಿಯ ಎಳೆತಕ್ಕೆ ಅಂತ ಮಾಡಿದ್ದು. ಗಿಟಾರಿನ ಸ್ಟೀಲ್ ಎಳೆದರೆ ಕುದುರೆ ಕಿತ್ತು ಬರಬಹುದು, ಹಲಗೆ ಉಬ್ಬಬಹುದು. ಆಮೇಲೆ ನಿಜವಾಗಿಯೂ ಆಟಿಕೆಯೇ ಆಗುತ್ತದೆ.

ಈಗ ಆ 'ಖಿಲೌನಾ' ಪದಕ್ಕೆ ಉತ್ತರ ಕೊಡುವ ಸಮಯ.

1879ರ ಆಗಸ್ಟಿನಲ್ಲಿ ರೇವನ್ಸ್‌ಕ್ರ್ಯಾಗ್ ಎಂಬ ಹಡಗು ಹೊನೊಲುಲು ಬಂದರಿಗೆ ಬಂತು. ಅದರಲ್ಲಿದ್ದವರು ಪೋರ್ಚುಗಲ್ಲಿನ ಮಡೇರಾ ದ್ವೀಪದಿಂದ ಹವಾಯಿಯ ಕಬ್ಬಿನ ತೋಟಗಳಿಗೆ ಕೂಲಿಗೆ ಬಂದ ನಾಲ್ಕು ನೂರಕ್ಕೂ ಹೆಚ್ಚು ಜನ. ಹೊಟ್ಟೆಪಾಡಿಗೆ ಊರು ಬಿಟ್ಟವರು, ನಮ್ಮ ಹಾಗೆ. ಅವರಲ್ಲಿ ಮರಗೆಲಸದ ಮೂವರಿದ್ದರು: ಮ್ಯಾನುಯೆಲ್ ನುನೆಸ್, ಅಗಸ್ಟೋ ಡಿಯಾಸ್, ಜೋಸ್ ದೊ ಎಸ್ಪಿರಿಟೊ ಸಾಂಟೊ. ಊರಿನ ಪುಟ್ಟ ನಾಲ್ಕು ತಂತಿಯ ವಾದ್ಯದ ನೆನಪನ್ನು ಹೊಸ ನೆಲದ ಕೋವಾ ಮರದಲ್ಲಿ ಕಟ್ಟಿದರು. ಅಲ್ಲಿನ ರಾಜ ಕಲಾಕೌವ ಅದನ್ನು ಮೆಚ್ಚಿ ಅರಮನೆಯ ಸಂಗೀತಕ್ಕೆ ಸೇರಿಸಿಕೊಂಡ. ಹವಾಯಿಯವರು ಅದನ್ನು 'ಉಕುಲೇಲೆ' ಅಂದರು, ಹಾರುವ ಚಿಗಟ ಅನ್ನುವ ಅರ್ಥದಲ್ಲಿ. 1915ರ ಸ್ಯಾನ್ ಫ್ರಾನ್ಸಿಸ್ಕೋ ಪ್ರದರ್ಶನದ ನಂತರ ಅಮೆರಿಕವೇ ಅದಕ್ಕೆ ಮರುಳಾಯಿತು. ವಲಸೆ ಬಂದವರು ಕಟ್ಟಿದ, ರಾಜ ಕೈಯಾರೆ ಬೆಳೆಸಿದ ವಾದ್ಯವನ್ನು ಆಟಿಕೆ ಅಂತ ತಳ್ಳಿಹಾಕುವವರು ಇಷ್ಟಾದರೂ ತಿಳಿದಿರಲಿ.

"ಅದು ಕೋವಾ ಮರದ್ದು ಸ್ವಾಮಿ, ನಮ್ಮದು ಪ್ಲೈವುಡ್" ಅನ್ನುತ್ತೀರಾ? ಸರಿ, ಪ್ಲೈವುಡ್ಡಿಗಿಂತ ಕೆಳಗೆ ಇಳಿಯೋಣ. ಪ್ಲಾಸ್ಟಿಕ್! ಇಟಲಿಯಲ್ಲಿ ಹುಟ್ಟಿದ ಮಾರಿಯೋ ಮಕಾಫೆರಿ ಸಾಮಾನ್ಯ ಕುಶಲಕರ್ಮಿ ಅಲ್ಲ, ಜ್ಯಾಂಗೋ ರೈನ್‌ಹಾರ್ಟ್ ನುಡಿಸಿದ ಸೆಲ್ಮರ್ ಗಿಟಾರಿನ ವಿನ್ಯಾಸ ಅವನದು. ಅದೇ ಮಕಾಫೆರಿ 1949ರ ಸುಮಾರಿಗೆ ಅಮೆರಿಕದಲ್ಲಿ ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ಕಿನ ಯುಕುಲೇಲೆ ತಂದ. ನೈಲಾನ್ ತಂತಿಯೂ ಆಗ ಹೊಸದು, ಎರಡನೇ ಮಹಾಯುದ್ಧದ ನಂತರವೇ ಅದು ಕರುಳಿನ ತಂತಿಯನ್ನು ಪಕ್ಕಕ್ಕೆ ಸರಿಸಿದ್ದು. ಅವನ ವಾದ್ಯ ಲಕ್ಷಗಟ್ಟಲೆ ಮಾರಾಟವಾಯಿತು, ಇಂದಿಗೂ ಅದನ್ನು ಹುಡುಕಿ ಕೊಂಡು ನುಡಿಸುವವರಿದ್ದಾರೆ. ಪ್ಲಾಸ್ಟಿಕ್ ವಾದ್ಯವಾಗಲು ಸಾಧ್ಯವಾದದ್ದು ಹೇಗೆ? ಫ್ರೆಟ್ಟುಗಳ ಲೆಕ್ಕ ಸರಿಯಿತ್ತು, ತಂತಿ ಸರಿಯಿತ್ತು. ಬೆಲೆ ಅಲ್ಲ, ಕಾಳಜಿ.

ತಂತಿಯ ಮಹಿಮೆ ನಮಗೆ ಹವಾಯಿಯವರು ಹೇಳಿಕೊಡಬೇಕಾಗಿಯೂ ಇಲ್ಲ. ಸಾಂಗ್ಲಿ ಜಿಲ್ಲೆಯ ಮೀರಜಿಗೆ, ನಮ್ಮ ಗಡಿಗೆ ಅಂಟಿಕೊಂಡ ಊರಿಗೆ, ಒಮ್ಮೆ ಹೋಗಿ. ತಂಬೂರಿಯ ಜೋಡಿ ತಂತಿಗೆ ಉಕ್ಕು, ಕೊನೆಯ ಖರ್ಜಕ್ಕೆ ಹಿತ್ತಾಳೆ ಅಥವಾ ಕಂಚು. ಹಾಡುವವರ ಶ್ರುತಿ ಯಾವುದು ಅಂತ ಕೇಳದೆ ಅಲ್ಲಿ ತಂತಿಯ ದಪ್ಪ ಆರಿಸುವುದಿಲ್ಲ. ಕುದುರೆಯ ಮೇಲೆ ತಂತಿಯ ಕೆಳಗೆ ಸಿಕ್ಕಿಸುವ ಒಂದು ಎಳೆ ದಾರಕ್ಕೆ 'ಜೀವಾ' ಅಂತ ಹೆಸರು. ಒಂದು ಎಳೆ ಹತ್ತಿದಾರವನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿದರೆ ಇಡೀ ತಂಬೂರಿ ಝೇಂಕರಿಸುತ್ತದೆ ಅನ್ನುವುದನ್ನು ಕಂಡುಕೊಂಡ ನಾಡು ನಮ್ಮದು. ಇನ್ನು ನಮ್ಮ ಮೈಸೂರಿನ ಪಿಟೀಲು ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಸೇರಿಸಿ ಏಳು ತಂತಿ ಮಾಡಿದರು. ದನಿ ಸಾಲದು ಅನ್ನಿಸಿದಾಗ ಅವರ ಕೈ ಮೊದಲು ಹೋದದ್ದು ತಂತಿಯ ಕಡೆಗೆ. ಇಂಥ ಹಿನ್ನೆಲೆಯ ನಾವು ಮಗುವಿನ ಯುಕುಲೇಲೆ ಮಂಕಾದರೆ ಮಗುವಿನ ಕಡೆ ಬೆರಳು ತೋರಿಸುವುದೇ?

ಎದುರು ಪಕ್ಷದ ಮಾತನ್ನೂ ಕೇಳಬೇಕು. "ಹಾಗಾದರೆ ಮರಕ್ಕೆ, ಕೆಲಸಕ್ಕೆ ಬೆಲೆಯೇ ಇಲ್ವಾ?" ಖಂಡಿತ ಇದೆ. ತಂತಿ ಬದಲಿಸಿದ ಮಾತ್ರಕ್ಕೆ ಪ್ಲೈವುಡ್ ಕೋವಾ ಆಗುವುದಿಲ್ಲ. ಫ್ರೆಟ್ಟುಗಳು ತಪ್ಪು ಜಾಗದಲ್ಲಿದ್ದರೆ ಬ್ರಹ್ಮನೂ ಶ್ರುತಿ ಸೇರಿಸಲಾರ. ಅಗ್ಗದ ವಾದ್ಯಗಳಲ್ಲಿ ಒಂದು ಸಾಮಾನ್ಯ ದೋಷ ಇದೆ: ಬಿರಡೆಗಳ ಹತ್ತಿರ ತಂತಿ ಕೂರುವ ಪಟ್ಟಿ ತೀರಾ ಎತ್ತರ ಇರುತ್ತದೆ. ಹಾಗಿದ್ದರೆ ಖಾಲಿ ತಂತಿ ಶ್ರುತಿಯಲ್ಲಿದ್ದರೂ ಮೊದಲ ಫ್ರೆಟ್ ಒತ್ತಿದಾಗ ಸ್ವರ ಮೇಲಕ್ಕೆ ಹಾರುತ್ತದೆ, ಬೆರಳೂ ನೋಯುತ್ತದೆ. ಫೋನಿನ ಟ್ಯೂನರ್ ಇಟ್ಟು ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಇದಕ್ಕೆ ತಂತಿ ಮದ್ದಲ್ಲ, ತಿಳಿದವರಿಂದ ಪಟ್ಟಿಯ ಗಾಡಿಯನ್ನು ಚೂರು ಅರದಿಂದ ಉಜ್ಜಿಸಬೇಕು. ಆದರೆ ಇದೂ ಮಗುವಿನ ತಪ್ಪಲ್ಲ ಅನ್ನುವುದನ್ನು ಗಮನಿಸಿ. ಮತ್ತೆ, ಹಾಳು ತಂತಿಯ ಮೇಲೆ ಕೇಳಿ ಮರದ ಯೋಗ್ಯತೆ ಅಳೆಯುವುದು ಹಳಸಿದ ಹುಳಿ ಹಾಕಿಕೊಂಡು ಅಕ್ಕಿಗೆ ಬೈದ ಹಾಗೆ.

ಹಾಗಾಗಿ ಕಪಾಟಿನ ಮೇಲಿನದನ್ನು ಇಳಿಸಿ. ಕೊಳ್ಳುವ ಮೊದಲೇ ಒಂದು ಬಿಟ್ಟಿ ಪರೀಕ್ಷೆ ಮಾಡಬಹುದು. ನಾಲ್ಕೂ ತಂತಿಯನ್ನು ಅರ್ಧ ಸ್ವರ ಇಳಿಸಿ. ಬಿಗಿ ಶೇಕಡಾ 11ರಷ್ಟು ಕಡಿಮೆಯಾಗುತ್ತದೆ. ಮಗುವಿಗೆ ಹಿತ ಅನ್ನಿಸಿದರೆ ನಿಮಗೆ ಬೇಕಾದದ್ದು ಹಗುರ ತಂತಿ ಅಂತ ಅರ್ಥ. ಅರ್ಧ ಸ್ವರ ಏರಿಸಿದಾಗ ವಾದ್ಯ ಎಚ್ಚರಗೊಂಡ ಹಾಗೆ ಕೇಳಿದರೆ ಸ್ವಲ್ಪ ಬಿಗಿಯದು ಹುಡುಕಿ. ಆಮೇಲೆ ವಾದ್ಯದ ಅಳತೆಗೆ ಸರಿಯಾದ ಒಂದು ಸೆಟ್ ತನ್ನಿ. ಹಳೆ ತಂತಿಯಲ್ಲಿ ಮಗು ನುಡಿಸಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ನಾಲ್ಕನ್ನೂ ಒಟ್ಟಿಗೆ ಕಿತ್ತು ಹಾಕಬೇಡಿ, ಒಂದು ಬಿಚ್ಚಿ ಒಂದು ಕಟ್ಟಿ, ಹಳೆ ಗಂಟು ನೋಡಿ ಹೊಸ ಗಂಟು ಹಾಕಬಹುದು. ಮಗುವಿನ ಕೈಯಲ್ಲೇ ಕಟ್ಟಿಸಿದರೆ ಇನ್ನೂ ಒಳ್ಳೆಯದು.

ಕಟ್ಟಿದ ದಿನವೇ ತೀರ್ಪು ಕೊಡಬೇಡಿ. ಹೊಸ ತಂತಿ ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ. ಶ್ರುತಿ ಮಾಡಿ ಚಹಾ ಕುಡಿದು ಬರುವಷ್ಟರಲ್ಲಿ ಇಳಿದಿರುತ್ತದೆ. ಇದು ದೋಷ ಅಲ್ಲ, ಸ್ವಭಾವ. ಬೆಳಿಗ್ಗೆ ಸಂಜೆ ಶ್ರುತಿ ಮಾಡುತ್ತಾ ಹೋದರೆ ಒಂದು ವಾರದಲ್ಲಿ ನೆಲೆ ನಿಲ್ಲುತ್ತದೆ. ಆಗ ಮತ್ತೊಮ್ಮೆ ರೆಕಾರ್ಡ್ ಮಾಡಿ ಎರಡನ್ನೂ ಕೇಳಿ. ಹಿಡಿಸದಿದ್ದರೆ ಇನ್ನೊಂದು ಜಾತಿಯ ಸೆಟ್. ಅಷ್ಟಕ್ಕೆ ನಿಲ್ಲಿಸಿ! ಹತ್ತು ಬಗೆ ಕೊಂಡು ಡಬ್ಬಿ ತುಂಬಿಸುವ ಚಟಕ್ಕೆ ನಾನು ವಕಾಲತ್ತು ವಹಿಸುತ್ತಿಲ್ಲ. ಎರಡು ಸೆಟ್ಟಿನ ನಂತರ ಬೇಕಾದದ್ದು ಅಭ್ಯಾಸ.

ಅಂಗಡಿಯವರಿಗೂ ಒಂದು ಮಾತು. ನಿಮ್ಮ ಹೊಟ್ಟೆಪಾಡು ನನಗೆ ಅರ್ಥವಾಗುತ್ತದೆ, ನಾವೂ ಈ ಊರಿಗೆ ಹೊಟ್ಟೆ ಹೊರೆಯಲು ಬಂದವರೇ. ಆದರೆ ಮಗುವಿನ ಎದುರಿಗೆ ಅದರ ವಾದ್ಯವನ್ನು ಆಟಿಕೆ ಅನ್ನುವ ಮೊದಲು ಒಂದು ಸೆಟ್ ತಂತಿ ಹಾಕಿ ಕೇಳಿಸಿ ನೋಡಿ. ಕೈ ಪಳಗಿದ ಮಗು ಮೂರು ವರ್ಷದ ಮೇಲೆ ತಾನಾಗಿ ನಿಮ್ಮ ಹತ್ತು ಸಾವಿರದ್ದನ್ನು ಕೊಳ್ಳಲು ಬರುತ್ತದೆ. ಇವತ್ತು ಮುಖ ಚಿಕ್ಕದು ಮಾಡಿಕೊಂಡು ಹೋದದ್ದು ಮತ್ತೆ ನಿಮ್ಮ ಮೆಟ್ಟಿಲು ಹತ್ತುವುದಿಲ್ಲ.

ಅಪ್ಪ ಅಮ್ಮಂದಿರಿಗೆ ಹೇಳುವುದು ಇಷ್ಟೇ. ನಮ್ಮಲ್ಲಿ ಎಷ್ಟು ಜನ "ನಿನಗೆ ಒಲಿಯಲ್ಲ" ಎಂಬ ಒಂದು ಮಾತನ್ನು ನಲವತ್ತು ವರ್ಷದಿಂದ ಹೊತ್ತುಕೊಂಡು ತಿರುಗುತ್ತಿಲ್ಲ? ತಂತಿ ಬದಲಿಸಲು ಅರ್ಧ ಗಂಟೆ ಸಾಕು, ಆ ಮಾತನ್ನು ವಾಪಸ್ಸು ತೆಗೆದುಕೊಳ್ಳಲು ಒಂದು ಜನ್ಮ ಸಾಲುವುದಿಲ್ಲ. ಕಪಾಟಿನಿಂದ ಇಳಿಸಿ, ಧೂಳು ಒರೆಸಿ, ಕಟ್ಟಿ ನೋಡಿ. ಆಮೇಲೂ 'ದಬ್' ಅಂದರೆ ಬಂದು ನನಗೇ ಬೈಯಿರಿ, ಬೈಸಿಕೊಳ್ಳಲು ನಾನು ಇಲ್ಲೇ ಇರುತ್ತೇನೆ.